ಎಲ್ಲರೂ ಆಡಿದ್ದು ಬೇಡ, ಪಟ್ಟಿಯ ಕೆಳಗೆ ಉಳಿದ ಹಳೇ ಗೇಮ್ ಹೇಳಿ

ಅಮಾನಿಕೆರೆ ಗಾಳಿ (ತುಮಕೂರು), ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಕ್ಕನ ಮಗ ಬೆಂಗಳೂರಿನಿಂದ ಬರುತ್ತಾನೆ. ಹತ್ತು ವರ್ಷ. ಒಂದು ತಿಂಗಳು ನಮ್ಮ ಮನೆಯಲ್ಲೇ ಇರುತ್ತಾನೆ. ಹೋದ ಸಲ ಬಂದಾಗ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತವನು ಊಟಕ್ಕೆ ಮಾತ್ರ ಏಳುತ್ತಿದ್ದ. ಬೈದು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಅವನ ವಯಸ್ಸಿನಲ್ಲಿ ನಾನೂ ಟಿ.ವಿ. ಮುಂದೆ ಬೆಳಗಿನಿಂದ ಸಂಜೆವರೆಗೆ ಕೂತವನೇ. ಆದರೆ ನನ್ನ ಪಕ್ಕದಲ್ಲಿ ಅಕ್ಕ ಕೂತಿರುತ್ತಿದ್ದಳು. ಇವನ ಪಕ್ಕದಲ್ಲಿ ಯಾರೂ ಇಲ್ಲ.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಇನ್ನೂ ಚೆನ್ನಾಗಿರುವ ಹಳೇ ಗೇಮ್ ಯಾವುದು? ಕಾಂಟ್ರಾ, ಮಾರಿಯೋ, ಡೇವ್ ಬೇಡ. ಅವು ಹೇಗೂ ಇವೆ. ಇಂಗ್ಲಿಷ್ ಓದಿ ಓದಿ ಮುಂದೆ ಹೋಗಬೇಕಾದ ಆಟವೂ ಬೇಡ. ಇರುವುದು ಒಂದು ಹಳೇ ಲ್ಯಾಪ್‌ಟಾಪ್, 4 ಜಿ.ಬಿ. ರ‍್ಯಾಮ್, ಎರಡು ಯು.ಎಸ್.ಬಿ. ಪ್ಯಾಡ್. ಅಟ್ಟದ ಮೇಲೆ ನಮ್ಮ ಹಳೇ ಟಿ.ವಿ. ಗೇಮ್ ಕೂಡ ಇದೆ, ಅದರ ಅಡಾಪ್ಟರ್ ಸುಟ್ಟುಹೋಗಿದೆ.

ಮೊದಲು ನನ್ನದು ಹೇಳುತ್ತೇನೆ. ಬೈನರಿ ಲ್ಯಾಂಡ್. 1985ರ ಹಡ್ಸನ್ ಕಂಪನಿಯ ಆಟ. ನಮ್ಮ ಹಳದಿ ಕ್ಯಾಸೆಟ್ ಮೇಲೆ ಸಾವಿರಗಟ್ಟಲೆ ಆಟ ಅಂತ ಬರೆದಿತ್ತು. ಒಳಗಿದ್ದುದು ಇಪ್ಪತ್ತೋ ಮೂವತ್ತೋ, ಅವೇ ಬೇರೆ ಬೇರೆ ನಂಬರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಪಟ್ಟಿಯ ಕೆಳಗೆಲ್ಲೋ ಈ ಹೆಸರು ಇತ್ತು. ಅಲ್ಲಿವರೆಗೆ ಯಾರೂ ಇಳಿಯುತ್ತಿರಲಿಲ್ಲ.

ನಡುವೆ ಗೋಡೆ. ಆ ಕಡೆ ಒಂದು ಪೆಂಗ್ವಿನ್, ಈ ಕಡೆ ಒಂದು. ಪ್ಯಾಡ್ ಒಂದೇ. ಮೇಲಕ್ಕೆ ಒತ್ತಿದರೆ ಎರಡೂ ಮೇಲಕ್ಕೆ ಹೋಗುತ್ತವೆ. ಬಲಕ್ಕೆ ಒತ್ತಿದರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ, ಕನ್ನಡಿಯಲ್ಲಿ ನೋಡಿದ ಹಾಗೆ. ಆದರೆ ಎರಡು ಕಡೆಯ ದಾರಿ ಒಂದೇ ಥರ ಇರುವುದಿಲ್ಲ. ಒಂದಕ್ಕೆ ಗೋಡೆ ಅಡ್ಡ ಬಂದರೆ ಅದು ಅಲ್ಲೇ ನಿಲ್ಲುತ್ತದೆ, ಇನ್ನೊಂದು ಮುಂದೆ ಹೋಗುತ್ತದೆ. ಕೊನೆಗೆ ಮೇಲಿರುವ ಹೃದಯದ ಹತ್ತಿರ ಎರಡೂ ಒಟ್ಟಿಗೆ ಬಂದು ಸೇರಬೇಕು. ದಾರಿಯಲ್ಲಿ ಜೇಡರ ಬಲೆ ಬೇರೆ. ಒಬ್ಬನೇ ಆಡಿದರೆ ಎರಡು ಕಣ್ಣು ಎರಡು ಕಡೆ ಓಡಬೇಕು. ನಾವು ಹಂಚಿಕೊಂಡಿದ್ದೆವು. ಪ್ಯಾಡ್ ನನ್ನ ಕೈಯಲ್ಲಿ, ಎಡಗಡೆ ಪೆಂಗ್ವಿನ್ ಅಕ್ಕನದು. "ನಿಲ್ಲೋ, ಬಲೆ ಇದೆ" ಅಂತ ಅವಳು ಕೂಗಿದರೆ ನಾನು ನಿಲ್ಲಬೇಕು. ಒಂದೇ ಪ್ಯಾಡಿನಲ್ಲಿ ಇಬ್ಬರು ಆಡಿದ ಆಟ ನನಗೆ ಗೊತ್ತಿರುವುದು ಇದೊಂದೇ. ಇಂಥದ್ದು ಇನ್ನೇನಿದೆ, ಹೇಳಿ.

ತಿಪಟೂರು ತೆಂಗು, ಏಪ್ರಿಲ್ 6

ಗುರು, ನಿಮಗೆ ಬೇಕಾಗಿರುವುದು ದಿ ಲಾಸ್ಟ್ ವೈಕಿಂಗ್ಸ್. ಕಣ್ಣು ಮುಚ್ಚಿ ಹೇಳುತ್ತೇನೆ. 90ರ ದಶಕದ ಶುರುವಿನದು. ಮಾಡಿದ ಕಂಪನಿಯೇ ಮುಂದೆ ಬ್ಲಿಝಾರ್ಡ್ ಆಯಿತು.

ಮೂವರು ಇದ್ದಾರೆ. ಎರಿಕ್ ಓಡುತ್ತಾನೆ, ಹಾರುತ್ತಾನೆ, ತಲೆಯಿಂದ ಗುದ್ದಿ ಗೋಡೆ ಒಡೆಯುತ್ತಾನೆ. ಬೇಲಿಯೋಗ್ ಹತ್ತಿರ ಕತ್ತಿ, ಬಿಲ್ಲು. ಓಲಾಫ್ ಹತ್ತಿರ ಗುರಾಣಿ. ಅದನ್ನು ಮುಂದೆ ಹಿಡಿದರೆ ತಡೆ, ತಲೆ ಮೇಲೆ ಹಿಡಿದರೆ ಅದೇ ಮೆಟ್ಟಿಲು, ಎತ್ತರದಿಂದ ಬಿದ್ದರೆ ಅದೇ ಕೊಡೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ. ಮೂವರೂ ಬಾಗಿಲಿಗೆ ಬಂದರೆ ಮಾತ್ರ ಸ್ಟೇಜ್ ಮುಗಿಯುತ್ತದೆ. ಇಬ್ಬರು ಬಂದು ಒಬ್ಬ ಸತ್ತರೆ ಮತ್ತೆ ಮೊದಲಿನಿಂದ. ಸೆಗಾ ಕಂಪನಿಯ ಟಿ.ವಿ. ಗೇಮಿಗೆ ಬಂದ ಆವೃತ್ತಿಯಲ್ಲಿ ಮೂರು ಜನ ಒಟ್ಟಿಗೆ ಆಡಬಹುದು.

ಪ್ರತಿ ಸ್ಟೇಜಿಗೂ ನಾಲ್ಕು ಅಕ್ಷರದ ಪಾಸ್‌ವರ್ಡ್ ಇದೆ. ನನ್ನವು ಎಂಟನೇ ಕ್ಲಾಸಿನ ಸಮಾಜ ನೋಟ್ಸಿನ ಹಿಂದೆ ಇನ್ನೂ ಇವೆ. ಅವನ ಕೈಗೆ ಒಂದು ನೋಟ್‌ಬುಕ್ ಕೊಡಿ, ಪಾಸ್‌ವರ್ಡ್ ಅವನೇ ಬರೆದುಕೊಳ್ಳಲಿ. 2014ರಲ್ಲಿ ಬ್ಲಿಝಾರ್ಡ್ ಇದನ್ನು ಪುಕ್ಕಟೆಯಾಗಿ ಬಿಟ್ಟಿತು.

ಕೆಜಿಎಫ್ ಕಾಯಿನ್ (ಕೋಲಾರ ಜಿಲ್ಲೆ), ಏಪ್ರಿಲ್ 6

ಅಣ್ಣ, ನನಗೆ ಗೇಮ್ ಅಂದರೆ ಮನೆಯಲ್ಲ, ಅಂಗಡಿ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಗೇಮ್ ಅಂಗಡಿ ಇತ್ತು. ಒಂದು ರೂಪಾಯಿಗೆ ಒಂದು ಕಾಯಿನ್. ಅಪ್ಪ ಗಣಿಯಲ್ಲಿದ್ದರು. ಸಂಬಳದ ದಿನ ನನಗೆ ಐದು ರೂಪಾಯಿ ಸಿಗುತ್ತಿತ್ತು. ಐದೂ ಆ ಯಂತ್ರಗಳ ಬಾಯಿಗೆ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲದರಲ್ಲೂ ಹಿಂದಿನಿಂದ ಸಲಹೆ ಬರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು. ಆಮೇಲೆ ಜಾಸ್ತಿ ದಿನ ಅಂಗಡಿಯೂ ಉಳಿಯಲಿಲ್ಲ.

ಅಲ್ಲಿ ಎಲ್ಲರೂ ಸಾಲು ನಿಲ್ಲುತ್ತಿದ್ದುದು "ಮುಸ್ತಫಾ"ಗೆ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಅಂತ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಕ್ಯಾಪ್‌ಕಾಮ್, 1993. ಮುಸ್ತಫಾ ಅದರ ನಾಲ್ಕು ಜನರಲ್ಲಿ ಒಬ್ಬ. ಇಡೀ ಆಟಕ್ಕೆ ಅವನ ಹೆಸರು ಇಟ್ಟವರು ನಾವು.

ನಾನು ಹೇಳುವುದು ಪಕ್ಕದ ಯಂತ್ರದ್ದು. ನೈಟ್ಸ್ ಆಫ್ ದಿ ರೌಂಡ್, 1991, ಅದೇ ಕ್ಯಾಪ್‌ಕಾಮ್. ಮುಸ್ತಫಾ ಖಾಲಿ ಇಲ್ಲದಾಗ ಮಾತ್ರ ಜನ ಅಲ್ಲಿಗೆ ಬರುತ್ತಿದ್ದರು. ಅದರಲ್ಲಿ ಒಂದು ವಿಷಯ ಇದೆ, ತುಂಬ ಜನ ಗಮನಿಸುವುದಿಲ್ಲ. ದಾರಿಯಲ್ಲಿ ಊಟ ಸಿಕ್ಕಿದರೆ ತಕ್ಷಣ ತಿನ್ನಬೇಡಿ. ಕತ್ತಿಯಿಂದ ಒಂದೇಟು ಹಾಕಿ. ತುಂಡಾಗುತ್ತದೆ. ಇಬ್ಬರೂ ತಗೊಳ್ಳಬಹುದು. ಬೇರೆ ಆಟದಲ್ಲಿ ಯಾರು ಮೊದಲು ಓಡಿದರೋ ಅವರಿಗೆ. ಇಲ್ಲಿ ಹಂಚಿಕೊಳ್ಳಲು ಆಗುತ್ತದೆ. ನಾನು ಮತ್ತು ನನ್ನ ಗೆಳೆಯ ಒಂದೊಂದೇ ರೂಪಾಯಿಯಲ್ಲಿ ದೂರ ಹೋಗುತ್ತಿದ್ದುದು ಇದರಿಂದ. ಇನ್ನೊಂದು, ಹೊಡೆಯುವ ಬಟನ್ ಹಿಡಿದು ಹಿಂದಕ್ಕೆ ಎಳೆದರೆ ತಡೆ. ಸರಿಯಾದ ಹೊತ್ತಿಗೆ ತಡೆದರೆ ಸ್ವಲ್ಪ ಹೊತ್ತು ಯಾರೂ ನಿಮ್ಮನ್ನು ಮುಟ್ಟಲು ಆಗುವುದಿಲ್ಲ.

2018ರಲ್ಲಿ ಕ್ಯಾಪ್‌ಕಾಮ್ ಇಂಥ ಹೊಡೆದಾಟದ ಏಳು ಆಟ ಸೇರಿಸಿ ಬೀಟ್ ಎಮ್ ಅಪ್ ಬಂಡಲ್ ಅಂತ ತಂದಿತು. ಪಿ.ಸಿ.ಗೂ ಇದೆ. ನೈಟ್ಸ್ ಅದರಲ್ಲಿದೆ, ಕ್ಯಾಪ್ಟನ್ ಕಮಾಂಡೋ ಇದೆ. ಬ್ಯಾಟಲ್ ಸರ್ಕ್ಯೂಟ್ ಅಂತ 1997ರದ್ದೂ ಇದೆ, ನಮ್ಮ ಕಡೆ ಆ ಯಂತ್ರ ನಾನು ನೋಡಿಯೇ ಇಲ್ಲ, ಅದನ್ನೂ ಆಡಿ. ಮುಸ್ತಫಾ ಮಾತ್ರ ಅದರಲ್ಲಿ ಇಲ್ಲ.

ಮಧುಗಿರಿ ಟೀಚರ್, ಏಪ್ರಿಲ್ 7

ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹತ್ತು ವರ್ಷದ ಮಕ್ಕಳನ್ನು ದಿನಾ ನೋಡುತ್ತೇನೆ. ಹೊಡೆದಾಟದ ಆಟ ತಪ್ಪು ಅನ್ನುವುದಿಲ್ಲ. ಆದರೆ ಆ ವಯಸ್ಸಿನ ಮಕ್ಕಳಿಗೆ ಆಡುವುದಕ್ಕಿಂತ ಆಟ ಕಟ್ಟುವುದು ಜಾಸ್ತಿ ಇಷ್ಟ. ಕುಂಟೆಬಿಲ್ಲೆಗೆ ಮನೆ ಬರೆಯುವಾಗ ನೋಡಿ, ಆಡುವುದಕ್ಕಿಂತ ಬರೆಯುವುದಕ್ಕೇ ಜಗಳ.

ಅದಕ್ಕೆ ಲೋಡ್ ರನ್ನರ್ ಹೇಳುತ್ತೇನೆ. ಡಗ್ಲಸ್ ಸ್ಮಿತ್ ಎಂಬುವರು ಮಾಡಿದ್ದು, 1983ರಲ್ಲಿ ಬಂತು. ನಾನು ಕಾಲೇಜಿನ ಲ್ಯಾಬಿನಲ್ಲಿ ಹಸಿರು ಅಕ್ಷರದ ಮಾನಿಟರಿನಲ್ಲಿ ಆಡಿದ್ದು. ಇದರಲ್ಲಿ ಹಾರುವುದೇ ಇಲ್ಲ! ಏಣಿ ಹತ್ತಬಹುದು, ಹಗ್ಗ ಹಿಡಿದು ದಾಟಬಹುದು. ಉಳಿದಂತೆ ನಿಮ್ಮ ಕೈಯಲ್ಲಿರುವುದು ಎಡಕ್ಕೋ ಬಲಕ್ಕೋ ಒಂದು ಗುಂಡಿ ತೋಡುವುದು, ಅಷ್ಟೇ. ಅಟ್ಟಿಸಿಕೊಂಡು ಬಂದವನು ಗುಂಡಿಗೆ ಬೀಳುತ್ತಾನೆ, ನೀವು ಅವನ ತಲೆ ಮೇಲೆ ನಡೆದು ದಾಟುತ್ತೀರಿ. ಸ್ವಲ್ಪ ಹೊತ್ತಿಗೆ ಗುಂಡಿ ತಾನೇ ಮುಚ್ಚಿಕೊಳ್ಳುತ್ತದೆ. ಕೆಳಗಿರುವ ಚಿನ್ನ ಬೇಕು ಅಂತ ಲೆಕ್ಕ ಮಾಡದೆ ಇಳಿದರೆ ಮೇಲೆ ಬರಲು ದಾರಿ ಇರುವುದಿಲ್ಲ.

ಮೊದಲ ಆವೃತ್ತಿಯಲ್ಲೇ 150 ಸ್ಟೇಜ್ ಇವೆ. ಆದರೆ ನಾನು ಇದನ್ನು ಹೇಳುತ್ತಿರುವುದು ಅದಕ್ಕಲ್ಲ. ನಿಮ್ಮದೇ ಸ್ಟೇಜ್ ಮಾಡುವ ಸೌಲಭ್ಯ ಅದರೊಳಗೇ ಇದೆ. ಇಟ್ಟಿಗೆ, ಏಣಿ, ಚಿನ್ನ ಎಲ್ಲವನ್ನೂ ಬೇಕಾದಲ್ಲಿ ಇಡಬಹುದು. ಒಬ್ಬರು ಕಟ್ಟಬೇಕು, ಇನ್ನೊಬ್ಬರು ಬಿಡಿಸಬೇಕು. ನೀವು ಕೇಳಿದ ಇಬ್ಬರ ಆಟ ಇದು ಅಲ್ವಾ?

ತಿಪಟೂರು ತೆಂಗು, ಏಪ್ರಿಲ್ 7

ಮೇಡಂ ಹೇಳಿದ ಮೇಲೆ ಒಂದು ನೆನಪಾಯಿತು. ಟ್ಯಾಂಕ್ ಗೇಮ್, ಅಂದರೆ ಬ್ಯಾಟಲ್ ಸಿಟಿ, ನ್ಯಾಮ್ಕೋ, 1985. ಎಲ್ಲರಿಗೂ ಗೊತ್ತು, ಸರಿ. ಆದರೆ ಮೆನುವಿನ ಮೂರನೇ ಸಾಲಿಗೆ ಎಷ್ಟು ಜನ ಹೋಗಿದ್ದೀರಿ? ಅಲ್ಲಿ "ಕನ್‌ಸ್ಟ್ರಕ್ಷನ್" ಇದೆ. ಇಟ್ಟಿಗೆ, ಸ್ಟೀಲ್, ನೀರು, ಕಾಡು, ಐಸು. ಅಡ್ಡ 13 ಮನೆ, ಉದ್ದ 13 ಮನೆ. ನಾವು ಕಾಪಾಡಬೇಕಾದ ಹಕ್ಕಿ ಕೆಳಗಿನ ಸಾಲಿನ ನಡುವೆ. ನೀವು ಕಟ್ಟಿದ ಊರಿನಲ್ಲೇ ಇಬ್ಬರೂ ಸೇರಿ 20 ಟ್ಯಾಂಕ್ ತಡೆಯಬೇಕು. ತಪ್ಪಿ ಜೊತೆಗಾರನಿಗೆ ಹೊಡೆದರೆ ಅವನು ಸ್ವಲ್ಪ ಹೊತ್ತು ಅಲುಗಾಡುವುದಿಲ್ಲ, ಆ ಜಗಳವೂ ಇರಲಿ.

ಕ್ಯಾಸೆಟ್ಟಿನಲ್ಲಿ ಇದು ಉಳಿಯುವುದಿಲ್ಲ. ಕರೆಂಟ್ ಹೋದರೆ ಊರು ಹೋಯಿತು. ನಮ್ಮ ಊರಲ್ಲಿ ಆಗ ದಿನಾ ಹೋಗುತ್ತಿತ್ತು. ಅದಕ್ಕೆ ಅಣ್ಣ ಗಣಿತದ ಗ್ರಾಫ್ ಹಾಳೆಯಲ್ಲಿ 13 ಮನೆ ಗೀಚಿ ಮೊದಲು ಅಲ್ಲಿ ಬರೆಯುತ್ತಿದ್ದ.

ಶಿರಾ ಗೇಟ್ ರಿಪೇರಿ (ತುಮಕೂರು), ಏಪ್ರಿಲ್ 7

ಸಾರ್, ಅಟ್ಟದ ಮೇಲಿನ ಸೆಟ್ ಎಸೆಯಬೇಡಿ. ಅಡಾಪ್ಟರ್ ಹೊಸದು ತಗೊಳ್ಳಿ. ವೋಲ್ಟ್ ಎಷ್ಟು ಅಂತ ಸೆಟ್ಟಿನ ಕೆಳಗೆ ಬರೆದಿರುತ್ತದೆ. ಪಿನ್ನಿನ ಒಳಗಡೆ ಪ್ಲಸ್ಸೋ ಮೈನಸ್ಸೋ ಅದನ್ನೂ ನೋಡಿ. ಉಲ್ಟಾ ಹಾಕಿದರೆ ಸೆಟ್ಟೇ ಹೋಗುತ್ತದೆ. ಕ್ಯಾಸೆಟ್ ಬಾಯಿಗೆ ಊದುವ ಅಭ್ಯಾಸ ನಮಗೆಲ್ಲ ಇದೆ, ಬಿಡಿ ಅದನ್ನು. ಬಾಯಿಯ ತೇವ ತಾಗಿ ಒಳಗಿನ ಲೋಹದ ಹಲ್ಲುಗಳು ಕಪ್ಪಾಗುತ್ತವೆ. ಕಿವಿ ಕಡ್ಡಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಿದ ಮೇಲೆ ಹಾಕಿ.

ಸೆಟ್ಟಿನ ಜೊತೆ ಬಾತುಕೋಳಿ ಹೊಡೆಯುವ ಆಟದ ಗನ್ ಇದ್ದರೆ ಡಬ್ಬ ಟಿ.ವಿ.ಯೇ ಬೇಕು. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ ಬಾತುಕೋಳಿ ಇದ್ದ ಜಾಗ ಮಾತ್ರ ಬೆಳ್ಳಗಾಗುತ್ತದೆ. ಗನ್ನಿನ ಒಳಗಿನ ಕಣ್ಣು ಆ ಬೆಳಕನ್ನು ನೋಡುತ್ತದೆ. ಈಗಿನ ಎಲ್.ಇ.ಡಿ. ಟಿ.ವಿ. ಚಿತ್ರ ತೋರಿಸುವುದು ಸ್ವಲ್ಪ ತಡ, ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತದೆ. ಗನ್ ಹಾಳಾಗಿದೆ ಅಂತ ತಂದುಕೊಡುತ್ತಾರೆ, ಗನ್ ಚೆನ್ನಾಗಿಯೇ ಇರುತ್ತದೆ.

ರಾತ್ರಿ ಪಾಳಿ (ಕ್ಯಾತ್ಸಂದ್ರ), ಏಪ್ರಿಲ್ 8

ಅನದರ್ ವರ್ಲ್ಡ್ ಯಾರೂ ಹೇಳಲಿಲ್ಲವಲ್ಲ. 1991. ಎರಿಕ್ ಶಾಯಿ ಎಂಬ ಫ್ರೆಂಚ್ ಕಲಾವಿದ ಹೆಚ್ಚುಕಡಿಮೆ ಒಬ್ಬರೇ ಎರಡು ವರ್ಷ ಕೂತು ಮಾಡಿದ್ದು. ಪರದೆ ಮೇಲೆ ಸ್ಕೋರ್ ಇಲ್ಲ, ಲೈಫ್ ಇಲ್ಲ, ಒಂದು ಅಕ್ಷರವೂ ಇಲ್ಲ. ಪ್ರಯೋಗ ಕೆಟ್ಟು ಒಬ್ಬ ವಿಜ್ಞಾನಿ ಬೇರೆ ಲೋಕಕ್ಕೆ ಬಂದು ಬೀಳುತ್ತಾನೆ. ಅಲ್ಲಿ ಒಬ್ಬ ಗೆಳೆಯ ಸಿಗುತ್ತಾನೆ. ಅವನ ಭಾಷೆ ನಮಗೆ ಬರುವುದಿಲ್ಲ, ನಮ್ಮದು ಅವನಿಗೆ. ಕೊನೆವರೆಗೂ ಮಾತಿಲ್ಲದೆ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಹೋಗುತ್ತಾರೆ. ನಾನು ಇದನ್ನು ಮುಗಿಸಿದ್ದು ಹದಿನೈದನೇ ವಯಸ್ಸಿನಲ್ಲಿ. ಕೊನೆಯ ದೃಶ್ಯ ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಲು ಮನಸ್ಸೇ ಬರಲಿಲ್ಲ. 20ನೇ ವರ್ಷದ ಆವೃತ್ತಿ ಈಗಲೂ ಕೊಳ್ಳಲು ಸಿಗುತ್ತದೆ, ನಿಮ್ಮ ಲ್ಯಾಪ್‌ಟಾಪಿಗೆ ಸಾಕು.

ಮಧುಗಿರಿ ಟೀಚರ್, ಏಪ್ರಿಲ್ 8

ಒಳ್ಳೆಯ ಆಟ, ಒಪ್ಪುತ್ತೇನೆ. ಆದರೆ ಹತ್ತು ವರ್ಷದ ಹುಡುಗನಿಗೆ ಬೇಡ. ಶುರುವಾದ ಕೂಡಲೇ ನೀರಿನೊಳಗೆ ಇರುತ್ತಾನೆ, ಬೇಗ ಮೇಲೆ ಈಜದಿದ್ದರೆ ಕೆಳಗಿನಿಂದ ಏನೋ ಬಂದು ಎಳೆದುಕೊಂಡು ಹೋಗುತ್ತದೆ. ಅದಾದ ಮೇಲೆ ವಿಷದ ಹುಳ. ಅದಾದ ಮೇಲೆ ಮೃಗ. ಐದು ನಿಮಿಷದಲ್ಲಿ ಹತ್ತು ಸಲ ಸಾಯುತ್ತಾನೆ. ಏನು ತಪ್ಪು ಮಾಡಿದೆ ಅಂತ ಆಟ ಹೇಳುವುದೂ ಇಲ್ಲ.

ರಾತ್ರಿ ಪಾಳಿ, ಏಪ್ರಿಲ್ 8

ಮೇಡಂ, ಹೇಳದಿರುವುದೇ ಅದರ ಸೊಗಸು. ಪಕ್ಕದಲ್ಲಿ ಮಾಮ ಇದ್ದಾರಲ್ಲ. ಇಬ್ಬರೂ ಸೇರಿ ಯೋಚಿಸಲಿ. ನೀರಿನಿಂದ ಮೇಲೆ ಬಂದ ಮೇಲೆ ಗೆಳೆಯ ಸಿಗುವವರೆಗೆ ಹೇಗಾದರೂ ಕರೆದುಕೊಂಡು ಹೋಗಿ. ಅಲ್ಲಿಂದ ಅವನೇ ಬಿಡುವುದಿಲ್ಲ.

ಚಿಂತಾಮಣಿ ಟೇಪು, ಏಪ್ರಿಲ್ 9

ವಿಬ್ ರಿಬ್ಬನ್, ಪ್ಲೇಸ್ಟೇಷನ್, 1999. ಕಪ್ಪು ಪರದೆ, ಬಿಳಿ ಗೆರೆ, ಗೆರೆಯ ಮೇಲೆ ನಡೆಯುವ ಮೊಲ. ಇಡೀ ಆಟ ಮೆಮೊರಿಯಲ್ಲೇ ಹಿಡಿಯುತ್ತದೆ, ಆದ್ದರಿಂದ ಆಟದ ಸಿ.ಡಿ. ತೆಗೆದು ನಮ್ಮ ಹಾಡಿನ ಸಿ.ಡಿ. ಹಾಕಬಹುದು. ಹಾಡು ಕೇಳಿಸಿಕೊಂಡು ಆಟವೇ ದಾರಿ ಮಾಡುತ್ತದೆ. ನಾನು ಅಮ್ಮನ ಭಾವಗೀತೆ ಸಿ.ಡಿ. ಹಾಕಿದೆ. ಪಲ್ಲವಿಯಲ್ಲಿ ಆರಾಮಾಗಿ ನಡೆದ ಮೊಲ, ತಬಲಾ ಜೋರಾದ ಕೂಡಲೇ ಒದ್ದಾಡಿತು. ಜಾಸ್ತಿ ಎಡವಿದರೆ ಮೊಲ ಕಪ್ಪೆಯಾಗುತ್ತದೆ, ಆಮೇಲೆ ಹುಳ. ಅಮ್ಮ ಅಡುಗೆ ಮನೆಯಿಂದ ಬಂದು ಪಕ್ಕದಲ್ಲಿ ನಿಂತು ಹಾಡು ಗುನುಗಿದರು, ನಾನು ಬಟನ್ ಒತ್ತಿದೆ. ಇದು ಸಿಗುವುದು ಕಷ್ಟ, ಆದರೂ ಹೇಳದೆ ಇರಲು ಆಗಲಿಲ್ಲ.

ಚಿಕ್ಕಬಳ್ಳಾಪುರ ದ್ರಾಕ್ಷಿ, ಏಪ್ರಿಲ್ 9

ನಾನು ನಿಮಗೆಲ್ಲ ಚಿಕ್ಕವನು, ಕಾಲೇಜಿನಲ್ಲಿದ್ದೇನೆ. ನನಗೆ ಹಳೇದು ಅಂದರೆ ಕೇವ್ ಸ್ಟೋರಿ, 2004. ಡೈಸುಕೆ ಅಮಾಯಾ ಅಂತ ಜಪಾನಿನವರು, ಬಿಡುವಿನ ಹೊತ್ತಿನಲ್ಲಿ ಐದು ವರ್ಷ ಮಾಡಿ ಪುಕ್ಕಟೆಯಾಗಿ ಕೊಟ್ಟರು. ಕಥೆ, ಚಿತ್ರ, ಸಂಗೀತ ಎಲ್ಲ ಅವರದೇ. ಏಟು ತಿಂದರೆ ನಮ್ಮ ಲೈಫ್ ಜೊತೆಗೆ ಬಂದೂಕಿನ ಶಕ್ತಿಯೂ ಇಳಿಯುತ್ತದೆ, ಅದಕ್ಕೆ ಎಚ್ಚರಿಕೆ ತಾನಾಗಿ ಬರುತ್ತದೆ. ಮಾತು ಸ್ವಲ್ಪ ಜಾಸ್ತಿ, ನೀವು ಕನ್ನಡದಲ್ಲಿ ಓದಿ ಹೇಳಬೇಕಾಗುತ್ತದೆ. ಲೈಫ್ ಹೋದಾಗ ಪ್ಯಾಡ್ ಬದಲಾಯಿಸಿಕೊಳ್ಳಿ.

ಟೀಚರ್ ಅಕ್ಕ ಹೇಳಿದ ಲೋಡ್ ರನ್ನರ್ ಡಾಸ್‌ಬಾಕ್ಸಿನಲ್ಲಿ (ಹಳೇ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್) ತುಂಬ ಜೋರಾಗಿ ಓಡಿದರೆ ಕಂಟ್ರೋಲ್ ಮತ್ತು ಎಫ್ 11 ಒತ್ತಿ, ನಿಧಾನ ಆಗುತ್ತದೆ. ಕಂಟ್ರೋಲ್ ಮತ್ತು ಎಫ್ 12 ಒತ್ತಿದರೆ ಜೋರು.

ಅಮಾನಿಕೆರೆ ಗಾಳಿ, ಮೇ 11

ತಡವಾಯಿತು, ಕ್ಷಮಿಸಿ. ಹುಡುಗ ನಿನ್ನೆ ಊರಿಗೆ ಹೋದ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ರಿಪೇರಿ ಸಾರ್ ಹೇಳಿದ ಹಾಗೆ ಮಾಡಿದೆ, ಟಿ.ವಿ. ಗೇಮ್ ಎದ್ದಿತು. ಮೊದಲ ದಿನ ಬೈನರಿ ಲ್ಯಾಂಡ್ ಹಾಕಿದೆ. ಎರಡು ಸ್ಟೇಜ್ ಆಡಿ "ಇಷ್ಟೇನಾ ಮಾಮ?" ಅಂದ. ನನಗೆ ಬೇಜಾರಾಯಿತು. ಪ್ಯಾಡ್ ಇಟ್ಟು ಎದ್ದುಹೋದ. ಸಂಜೆ ನೋಡಿದರೆ ನಮ್ಮಮ್ಮ ಅವನ ಪಕ್ಕ ಕೂತಿದ್ದಾರೆ. ಅವರೆಕಾಳು ಬಿಡಿಸುತ್ತಾ "ಅಯ್ಯೋ ನನ್ನ ಹಕ್ಕಿ ಬಲೆಗೆ ಬಿತ್ತು, ಬಿಡಿಸೋ" ಅನ್ನುತ್ತಿದ್ದಾರೆ. ಎಡಗಡೆ ಪೆಂಗ್ವಿನ್ ಅಜ್ಜಿಯದು ಅಂತ ಅವರಿಬ್ಬರಲ್ಲೇ ತೀರ್ಮಾನವಾಗಿತ್ತು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಆ ಫೋಟೋ ಅಕ್ಕನಿಗೆ ಕಳಿಸಿದೆ. ಅರ್ಧ ಗಂಟೆ ಅವಳು ಉತ್ತರ ಬರೆಯಲಿಲ್ಲ, ಆಮೇಲೆ ಫೋನ್ ಮಾಡಿದಳು.

ವೈಕಿಂಗ್ಸ್ ಒಂಬತ್ತು ಪಾಸ್‌ವರ್ಡ್‌ವರೆಗೆ ಬಂದಿದ್ದೇವೆ. ಓಲಾಫ್ ಯಾವಾಗಲೂ ಅವನೇ. ತಡೆಯುವವನಾಗಿರುವುದು ಅವನಿಗೆ ಇಷ್ಟ. ನೈಟ್ಸ್‌ನಲ್ಲಿ ಊಟ ತುಂಡು ಮಾಡುವುದನ್ನು ತೋರಿಸಿದ ಮೇಲೆ ದೊಡ್ಡ ತುಂಡು ಯಾವುದು ಅಂತ ಅಳೆಯುತ್ತಿದ್ದ. ಕೇವ್ ಸ್ಟೋರಿ ಶುರು ಮಾಡಿ ಬಿಟ್ಟೆವು, ಓದಿ ಹೇಳಲು ನನಗೆ ತಾಳ್ಮೆ ಸಾಲಲಿಲ್ಲ. ಅದು ಮುಂದಿನ ರಜೆಗೆ.

ಅನದರ್ ವರ್ಲ್ಡ್ ವಿಷಯದಲ್ಲಿ ಟೀಚರ್ ಹೇಳಿದ್ದೂ ನಿಜ, ಪಾಳಿ ಅಣ್ಣ ಹೇಳಿದ್ದೂ ನಿಜ. ನೀರಿನಲ್ಲೇ ಆರು ಸಲ ಸತ್ತ. ಅತ್ತುಬಿಟ್ಟ. ನಾನು ಮುಚ್ಚಿಟ್ಟೆ. ಮೂರು ದಿನ ಆದ ಮೇಲೆ, ಊಟ ಮಾಡುವಾಗ, "ಆ ಮೃಗದಿಂದ ಎಡಗಡೆಗೆ ಓಡಬೇಕೇನೋ ಮಾಮ" ಅಂದ. ಅಂದರೆ ಮೂರು ದಿನವೂ ತಲೆಯಲ್ಲಿ ಅದೇ ಓಡುತ್ತಿತ್ತು. ಗೆಳೆಯ ಸಿಗುವವರೆಗೆ ಹೋದೆವು. ಪಂಜರದಿಂದ ಇಬ್ಬರೂ ಬಿಡಿಸಿಕೊಂಡಾಗ ಅವನು ನನ್ನ ತೋಳು ಹಿಡಿದುಕೊಂಡ. ಅಲ್ಲಿಗೆ ನಿಲ್ಲಿಸಿದ್ದೇವೆ.

ಕೊನೆಯ ಎರಡು ವಾರ ಮಾತ್ರ ಪೂರ್ತಿ ಕಟ್ಟುವ ಕೆಲಸ. ಲೋಡ್ ರನ್ನರಿನಲ್ಲಿ ಅವನು ಮಾಡಿದ ಒಂದು ಸ್ಟೇಜ್ ನನ್ನಿಂದ ಇನ್ನೂ ಬಿಡಿಸಲು ಆಗಿಲ್ಲ. ಟ್ಯಾಂಕ್ ಗೇಮಿಗೆ ಹಳೇ ಕ್ಯಾಲೆಂಡರಿನ ಹಿಂದೆ 13 ಮನೆ ಗೀಚಿ ಹನ್ನೊಂದು ಊರು ಬರೆದ. ಒಂದನ್ನು ನಿಮಗೆ ಕಳಿಸಲು ಹೇಳಿ ಹೋಗಿದ್ದಾನೆ. ಸಾಲು ಮೇಲಿನಿಂದ, ಮನೆ ಎಡದಿಂದ:

4ನೇ ಸಾಲು: 2ರಿಂದ 12ರವರೆಗೆ ನೀರು.
8ನೇ ಸಾಲು: 6, 7, 8 ಸ್ಟೀಲ್. ಉಳಿದದ್ದೆಲ್ಲ ಇಟ್ಟಿಗೆ.
10 ಮತ್ತು 11ನೇ ಸಾಲು: 5ರಿಂದ 9 ಕಾಡು.
ಹಕ್ಕಿಯ ಸುತ್ತ ಇಟ್ಟಿಗೆ ಇದ್ದ ಹಾಗೇ. ಬೇರೆ ಎಲ್ಲ ಖಾಲಿ.

ನೀರು ಯಾಕೆ ಹೀಗೆ ಇಟ್ಟೆ ಅಂತ ಕೇಳಿದೆ. "ಆಗ ಅವು ಎರಡು ಪಕ್ಕದಿಂದಲೇ ಬರಬೇಕು. ಎಡ ನಂದು, ಬಲ ನಿಂದು" ಅಂದ. ಇಬ್ಬರೇ ಆಡಬೇಕಂತೆ, ಒಬ್ಬರು ಆಡಿದರೆ ಲೆಕ್ಕಕ್ಕಿಲ್ಲವಂತೆ.

ಕೆಜಿಎಫ್ ಕಾಯಿನ್, ಮೇ 13

ಆಡಿದೆವು ಅಣ್ಣ. ಅಂಗಡಿಯಲ್ಲಿ ಜೊತೆಗೆ ಆಡುತ್ತಿದ್ದ ಅದೇ ಗೆಳೆಯ ಈಗ ಬಂಗಾರಪೇಟೆಯಲ್ಲಿದ್ದಾನೆ, ಭಾನುವಾರ ಕರೆಸಿದೆ. 15 ಟ್ಯಾಂಕ್‌ವರೆಗೆ ತಡೆದೆವು. ಬಲಗಡೆ 8ನೇ ಸಾಲಿನ ಇಟ್ಟಿಗೆ ಪೂರ್ತಿ ಹೋದ ಮೇಲೆ ಹಕ್ಕಿ ಉಳಿಯಲಿಲ್ಲ. ಹುಡುಗನಿಗೆ ಹೇಳಿ, 8ನೇ ಸಾಲಿನ 13ನೇ ಮನೆಗೂ ಒಂದು ಸ್ಟೀಲ್ ಬೇಕು.

ಅಮಾನಿಕೆರೆ ಗಾಳಿ, ಮೇ 13

ಫೋನಿನಲ್ಲಿ ಹೇಳಿದೆ. ಸ್ಟೀಲ್ ಇಟ್ಟರೆ ಬಲಗಡೆಯವರಿಗೆ ಕೆಲಸವೇ ಇರುವುದಿಲ್ಲ, ಇಟ್ಟಿಗೆಯೇ ಇರಲಿ, ಇನ್ನೊಂದು ಸಲ ಆಡಲಿ ಅಂದ.